ಎರಡನೇ ಟ್ರಂಪೆಟ್

ತಿಪಟೂರು
೯ ಜುಲೈ ೧೯೯೭

ಪ್ರೀತಿಯ ಚಿತ್ತೇಶ,

ಆಷಾಢ ಹಿಡಿಯಿತು. ಮದುವೆಗಳಿಲ್ಲ. ಕರಿಬಸವಯ್ಯನವರ ಬ್ಯಾಂಡ್ ಸೆಟ್ಟಿನ ಡ್ರಮ್ಮುಗಳೆಲ್ಲ ಅಂಗಡಿಯ ಅಟ್ಟ ಸೇರಿವೆ. ನಾನು ಪ್ರತಿ ವರ್ಷದಂತೆ ಗೋಡೌನಿನಲ್ಲಿ ಕಾಯಿ ಸುಲಿಯುವ ಕೆಲಸಕ್ಕೆ ಹೋಗುತ್ತಿದ್ದೇನೆ. ನಿನ್ನ ಅಕ್ಕ ಮಂಜುಶ್ರೀ ಆರೋಗ್ಯವಾಗಿದ್ದಾಳೆ. ಹೋದ ಸೋಮವಾರ ಚಿಕ್ಕನಾಯಕನಹಳ್ಳಿ ಬಸ್ಸು ಹತ್ತಿ ಹಟ್ಟಿಗೆ ಹೋಗಿ ನಿಮ್ಮಪ್ಪ ಜುಂಜಯ್ಯನವರನ್ನು ನೋಡಿಕೊಂಡು ಬಂದಳು. ಕುರಿ ಹೊಡೆದುಕೊಂಡು ಗುಡ್ಡ ಹತ್ತುವಷ್ಟು ಗಟ್ಟಿಯಾಗಿದ್ದಾರಂತೆ. "ನನ್ ಮಗ ಬೆಳಗಾವ್ಯಾಗೆ ಪೊಲೀಸ್ ಬ್ಯಾಂಡು" ಎಂದು ಕಂಡಕಂಡವರಿಗೆ ಹೇಳುತ್ತಾರಂತೆ. ಹೇಳಿಕೊಳ್ಳಲಿ.

ಈಗ ವಿಷಯಕ್ಕೆ ಬರುತ್ತೇನೆ, ನಗಬೇಡ. ನೀನು ನನಗೆ ಟ್ರಂಪೆಟ್ ಪಾಠ ಹೇಳಿಕೊಡಬೇಕು.

ನಿನ್ನ ಬಾಯಿಗೆ ಮೊದಲು ಮೌತ್‌ಪೀಸ್ ಇಟ್ಟವನು ನಾನು. ಆದರೆ ನಾನು ಕಲಿಸಿದ್ದೆಲ್ಲ ಮೇಲಿನ ಸ್ವರವೇ. ತುಟಿಗೆ ಒತ್ತು, ಇನ್ನೂ ಒತ್ತು, ಕಿರುಚಿಸು. ದಿಬ್ಬಣದ ಮುಂದೆ ಕುಣಿಯುವವರಿಗೆ ಬೇಕಾದದ್ದೂ ಅದೇ. ಮಧ್ಯದಿಂದ ಕೆಳಗಿಳಿದರೆ ಮಾತ್ರ ನನ್ನ ಟ್ರಂಪೆಟ್ ನೀರಿಲ್ಲದ ನಲ್ಲಿಯಂತೆ ಗೊರಗೊರ ಅನ್ನುತ್ತದೆ. ಕರಿಬಸವಯ್ಯನವರಿಗೆ ಈಗ ತುಂಬು ದನಿ ಬೇಕಂತೆ. "ಎಲ್ಲಾ ಮೇಲೇ ಕಿರುಚುದ್ರೆ ಕೆಳಗೆ ಯಾರ್ಲಾ ಹಿಡಿಯೋರು? ನೀನು ಎರಡನೇ ಟ್ರಂಪೆಟ್ ಹಿಡಿ" ಅಂದರು. ಆಯಿತು ಅಂದಿದ್ದೇನೆ. ನಿಮ್ಮ ಬ್ಯಾಂಡಿನಲ್ಲಿ ಇದನ್ನು ಕ್ರಮವಾಗಿ ಕಲಿಸುತ್ತಾರೆ ಎಂದು ನೀನೇ ಹೇಳಿದ್ದೆ. ಆ ಕ್ರಮವನ್ನು ಬರೆದು ಕಳಿಸು.

ಹೇಳುವುದು ಮರೆತೆ. ಹೋದ ತಿಂಗಳು ಸುಲಿಯುವ ಗೂಟದಿಂದ ಕಾಯಿ ಜಾರಿ ಬಾಯಿಗೆ ಬಡಿಯಿತು. ಮೇಲ್ದುಟಿಗೆ ಸಣ್ಣ ಗಾಯ. ಈಗ ಏನೂ ಇಲ್ಲ. ಅಕ್ಕ ಬೇರೆ ರೀತಿ ಹೇಳಿದರೆ ನಂಬಬೇಡ, ಅವಳಿಗೆ ಎಲ್ಲವೂ ದೊಡ್ಡದು.

ನಿನ್ನ ಭಾವ,
ಹನುಮಂತರಾಜು


ಬೆಳಗಾವಿ
೨೮ ಜುಲೈ ೧೯೯೭

ಪೂಜ್ಯ ಭಾವನವರಿಗೆ ನಮಸ್ಕಾರಗಳು.

ನಿಮ್ಮ ಕಾಗದ ಓದಿ ನಗಲಿಲ್ಲ, ಆದರೆ ಪಕ್ಕದ ಮಂಚದವನಿಗೆ ತೋರಿಸಿದೆ. "ನನ್ನ ಗುರು ನನ್ನ ಹತ್ತಿರ ಪಾಠ ಕೇಳುತ್ತಿದ್ದಾರೆ ನೋಡು" ಅಂದೆ. ಹೆಮ್ಮೆಯಾಯಿತು, ಸುಳ್ಳು ಯಾಕೆ ಹೇಳಲಿ.

ಇಲ್ಲಿ ಸೇರಿದ ಮೊದಲ ವರ್ಷ ಬ್ಯಾಂಡ್ ಮಾಸ್ತರು ನನ್ನನ್ನೂ ಇದೇ ಮಾತಿಗೆ ಬೈದಿದ್ದರು. "ನೀನು ಊದುವುದು ಟ್ರಂಪೆಟ್ಟೋ ಪೀಪಿಯೋ?" ಎಂದು ಎಲ್ಲರ ಮುಂದೆ ಕೇಳಿದ್ದರು. ಆಮೇಲೆ ಅವರು ಹಾಕಿಕೊಟ್ಟ ಕ್ರಮವೇ ಇದು.

ಬೆಳಿಗ್ಗೆ ಎದ್ದಕೂಡಲೇ ಟ್ರಂಪೆಟ್ ಮುಟ್ಟಬೇಡಿ. ಮೊದಲು ಬರೀ ತುಟಿ ಸಡಿಲ ಬಿಟ್ಟು ಕುದುರೆ ಕೆನೆದಂತೆ ಬುರ್ರೆನ್ನಿಸಿ. ಆಮೇಲೆ ಮೌತ್‌ಪೀಸ್ ಒಂದೇ ಇಟ್ಟುಕೊಂಡು ಸಣ್ಣಗೆ ಊದಿ. ನಂತರ ಟ್ರಂಪೆಟ್. ಮಧ್ಯದ ಸ್ವರದಲ್ಲಿ ಶುರು ಮಾಡಿ, ಒಂದೊಂದೇ ಮೆಟ್ಟಿಲು ಕೆಳಗಿಳಿಯಿರಿ. ಪ್ರತಿ ಸ್ವರವನ್ನೂ ಉಸಿರು ಇರುವಷ್ಟು ಹೊತ್ತು ಎಳೆಯಿರಿ. ಜೋರು ಬೇಡವೇ ಬೇಡ. ಕೆಳಗೆ ಹೋದ ಹಾಗೆ ಹಲ್ಲುಗಳ ನಡುವೆ ಜಾಗ ಬಿಡಿ, ಬಾಯೊಳಗೆ "ಓ" ಅನ್ನುವಂತಿರಲಿ. ತುಟಿಯ ಎರಡು ಮೂಲೆ ಗಟ್ಟಿ, ನಡುವೆ ಸಡಿಲ. ಮುಖ್ಯ ಉಸಿರು. ಬಿಸಿ ಹಾಲು ಆರಿಸುವ ಉಸಿರಲ್ಲ. ಕನ್ನಡಿ ಒರೆಸುವ ಮೊದಲು ಹಾ ಎಂದು ಬಿಡುತ್ತೇವಲ್ಲ, ಆ ಬೆಚ್ಚಗಿನ ಅಗಲವಾದ ಉಸಿರು. ಊದಿದಷ್ಟೇ ಹೊತ್ತು ಸುಮ್ಮನೆ ಕೂರಿ. ಒತ್ತಬೇಡಿ. ನೀವು ನನಗೆ ಕಲಿಸಿದ್ದರಲ್ಲಿ ನಾನು ಬಿಟ್ಟದ್ದು ಅದೊಂದೇ.

ನಮ್ಮಲ್ಲಿ ಕೆಳಗಿನ ಪಾಲು ಹಿಡಿಯುವವರು ಬಸವರಾಜಪ್ಪ ಎಂಬ ಹಿರಿಯರು. ಮುಂದಿನ ವರ್ಷ ನಿವೃತ್ತಿ. ಅವರು ಊದುತ್ತಿರುವುದು ಯಾರಿಗೂ ತಿಳಿಯುವುದಿಲ್ಲ, ನಿಲ್ಲಿಸಿದಾಗ ಎಲ್ಲರಿಗೂ ತಿಳಿಯುತ್ತದೆ. ಮೇಲಿನ ಸ್ವರದ ರಾಜ ನೀವು, ಅಂಥ ಜಾಗಕ್ಕೆ ಯಾಕೆ ಇಳಿಯುತ್ತೀರೋ ಗೊತ್ತಿಲ್ಲ.

ಚಿತ್ತೇಶ್


ತಿಪಟೂರು
೩ ಸೆಪ್ಟೆಂಬರ್ ೧೯೯೭

ಪ್ರೀತಿಯ ಚಿತ್ತೇಶ,

ನಿನ್ನ ಕ್ರಮವನ್ನು ಬಿಡದೆ ಮಾಡುತ್ತಿದ್ದೇನೆ. ಕೆಲಸ ಶುರುವಾಗುವ ಮುಂಚೆ ಗೋಡೌನಿನ ಹಿಂದಿನ ತಗಡಿನ ಶೆಡ್ಡಿಗೆ ಹೋಗಿ, ಸಿಪ್ಪೆಯ ರಾಶಿ ಪಕ್ಕ ಕೂತು ಊದುತ್ತೇನೆ. ಮೊದಲ ವಾರ ನಿನ್ನ ಅಕ್ಕ ತಿಂಡಿ ತಂದವಳು ಬಾಗಿಲಲ್ಲೇ ನಿಂತು, "ಏನ್ರೀ ಇದು, ಈಯೋ ಎಮ್ಮೆ ನರಳ್ದಂಗೆ ನರಳ್ತದೆ. ಮೊದ್ಲಿಂದೇ ಊದಿ, ಅದ್ರಾಗೆ ಜೀವ ಇತ್ತು" ಅಂದಳು. ಸಿಟ್ಟು ಬಂತು. ತಿಂಡಿ ಮುಟ್ಟಲಿಲ್ಲ. ಅವಳು ಹೇಳಿದ್ದು ಸರಿಯಾಗಿತ್ತು, ಅದಕ್ಕೇ ಸಿಟ್ಟು ಬಂದದ್ದು.

ಶ್ರಾವಣದ ಮೊದಲ ಮದುವೆ ತುರುವೇಕೆರೆಯಲ್ಲಿತ್ತು. ನಾನು ಎಂಟು ವರ್ಷ ನಿಂತ ಜಾಗದಲ್ಲಿ ಸಣ್ಣತಿಮ್ಮಯ್ಯ ನಿಂತ. ಕ್ಲಾರಿನೆಟ್ ಬಿಟ್ಟು ಟ್ರಂಪೆಟ್‌ಗೆ ಬಂದವನು, ನಿನಗೆ ಗೊತ್ತಲ್ಲ. ನಾನು ಹಿಂದಿನ ಸಾಲಿಗೆ ಹೋದೆ. ಹುಡುಗರು ಬಂದು, "ರಾಜಣ್ಣ, ಒಂದ್ಸಲ ಮೇಲಕ್ಕೆ ಎತ್ತಣ್ಣ" ಎಂದು ಕೂಗಿದರು. ಕೇಳಿಸದವನಂತೆ ವಾಲ್ವಿಗೆ ಎಣ್ಣೆ ಬಿಟ್ಟುಕೊಂಡು ನಿಂತಿದ್ದೆ. ಯಾಕೆ ಎತ್ತಲಿಲ್ಲ ಎಂದು ನೀನು ಕೇಳಬೇಡ.

ಒಂದು ಸಂದೇಹ. ಕೆಳಗೆ, ಮೂರೂ ವಾಲ್ವು ಒತ್ತಬೇಕಾದ ಜಾಗದ ಹತ್ತಿರ, ಸ್ವರ ಬಂದರೂ ಸ್ವಲ್ಪ ಮೇಲಕ್ಕೇ ನಿಲ್ಲುತ್ತದೆ. ದಪ್ಪ ದನಿಯ ಯುಫೋನಿಯಂ ವಾದ್ಯದ ಜೊತೆ ಸೇರುವುದಿಲ್ಲ. ನನ್ನ ಬಾಯಿಯ ತಪ್ಪೋ, ಟ್ರಂಪೆಟ್ಟಿನ ತಪ್ಪೋ?

ಹನುಮಂತರಾಜು


ಬೆಳಗಾವಿ
೨೦ ಸೆಪ್ಟೆಂಬರ್ ೧೯೯೭

ಪೂಜ್ಯ ಭಾವ,

ಅದು ಟ್ರಂಪೆಟ್ಟಿನ ಗುಣ, ನಿಮ್ಮ ತಪ್ಪಲ್ಲ. ಮೂರನೇ ವಾಲ್ವಿನ ಕೊಳವೆಗೆ ಒಂದು ಉಂಗುರ ಇದೆಯಲ್ಲ, ಬೆರಳು ತೂರಿಸಿ ಅದನ್ನು ಸ್ವಲ್ಪ ಹೊರಕ್ಕೆ ತಳ್ಳಿ. ಸ್ವರ ಇಳಿದು ಸರಿಯಾಗಿ ಕೂರುತ್ತದೆ. ನಮ್ಮ ಸೆಟ್ಟಿನ ಟ್ರಂಪೆಟ್‌ಗಳಲ್ಲಿ ಆ ಕೊಳವೆ ಕಿಲುಬು ಹಿಡಿದು ಅಂಟಿಕೊಂಡಿರುತ್ತದೆ, ಯಾರೂ ಎಳೆದೇ ಇರುವುದಿಲ್ಲ. ಸೀಮೆಎಣ್ಣೆಯಲ್ಲಿ ನೆನೆಹಾಕಿ ಬಿಡಿಸಿಕೊಳ್ಳಿ.

ನಿಮಗೆ ಮೊದಲು ಹೇಳಬೇಕಾದ ಸುದ್ದಿ ಕೊನೆಗೆ ಬರೆಯುತ್ತಿದ್ದೇನೆ. ಅಪ್ಪ ಹುಡುಗಿ ನೋಡಿದ್ದಾನೆ. ಕೆಂಕೆರೆ ಕಡೆಯವರು. ಹುಡುಗಿಯ ಹೆಸರು ಬಿಂದುಶ್ರೀ. ಪಿಯುಸಿ ಓದಿದ್ದಾಳೆ. ಒಬ್ಬ ತಮ್ಮ ಇದ್ದಾನೆ, ಅರುಣ್ ಕುಮಾರ್, ಕಾಲೇಜಿನ ಬ್ಯಾಂಡಿನಲ್ಲಿ ಟ್ರಂಪೆಟ್ ಹಿಡಿದಿದ್ದನಂತೆ. ನನ್ನನ್ನು ನೋಡಿ ಬಿಟ್ಟ ಕಣ್ಣು ಬಿಟ್ಟ ಹಾಗೇ ಇದ್ದ. ಫೆಬ್ರವರಿಯಲ್ಲಿ ಮದುವೆ. ನಿಮ್ಮ ಸೆಟ್ಟೇ ಬರಬೇಕು, ನೀವು ಮುಂದೆ ನಿಲ್ಲಬೇಕು.

ಚಿತ್ತೇಶ್


ತಿಪಟೂರು
೨೨ ಫೆಬ್ರವರಿ ೧೯೯೮

ಪ್ರೀತಿಯ ಚಿತ್ತೇಶ,

ನೀವಿಬ್ಬರೂ ಬೆಳಗಾವಿ ತಲುಪಿದ ಸುದ್ದಿ ನಿಮ್ಮಪ್ಪನಿಂದ ತಿಳಿಯಿತು. ನಿನ್ನ ಅಕ್ಕ ಇನ್ನೂ ನಾದಿನಿಯ ಸೀರೆಯ ವಿಷಯದಲ್ಲೇ ಇದ್ದಾಳೆ.

ಮದುವೆಯಲ್ಲಿ ನಾನು ಮುಂದೆ ನಿಲ್ಲಲಿಲ್ಲ ಎಂದು ನಿನಗೆ ಬೇಸರವಾಯಿತು, ಗೊತ್ತು. ಆದರೆ ಧಾರೆಯ ಹೊತ್ತಿನಲ್ಲಿ ಕರಿಬಸವಯ್ಯನವರು ಕ್ಲಾರಿನೆಟ್ ಹಿಡಿದು ನಿಧಾನದ ರಾಗ ಎತ್ತಿಕೊಂಡರಲ್ಲ, ಆಗ ಅವರ ಕೆಳಗೆ ಹಾಸಿದಂತೆ ಇದ್ದದ್ದು ನಾನು. ನೀನು ಬಾಸಿಂಗ ಕಟ್ಟಿಕೊಂಡು ಕೂತವನು ತಲೆ ಎತ್ತಿ ನೋಡಿದೆ. ಪುರೋಹಿತರು ಗದರಿಸುವವರೆಗೂ ನೋಡುತ್ತಿದ್ದೆ. ಆಮೇಲೆ ಕೈ ತೊಳೆಯುವಲ್ಲಿ ಸಿಕ್ಕಿ, "ಭಾವ, ಬಸವರಾಜಪ್ಪನೋರು ಹಿಂಗೆ ಊದ್ತಾರೆ ಕಣ್ರೀ" ಅಂದೆ. ಇಷ್ಟು ವರ್ಷ ಜನ ನನ್ನ ಟ್ರಂಪೆಟ್ ಕೇಳಿ ಶಿಳ್ಳೆ ಹೊಡೆದಿದ್ದಾರೆ. ಯಾರೂ ನಿನ್ನ ಆ ಒಂದು ಮಾತಿನಂಥದ್ದು ಹೇಳಿರಲಿಲ್ಲ.

ಅದಕ್ಕೇ ಧೈರ್ಯ ಮಾಡಿ ಬರೆಯುತ್ತಿದ್ದೇನೆ. ಬಸವರಾಜಪ್ಪನವರು ಈ ವರ್ಷ ನಿವೃತ್ತಿ ಎಂದಿದ್ದೆ. ಆ ಜಾಗಕ್ಕೆ ಅರ್ಜಿ ಕರೆದರೆ ನನಗೆ ತಿಳಿಸು. ಶಿಫಾರಸು ಬೇಡ. ನಾನು ಬಂದು ಊದುತ್ತೇನೆ, ಬೇಕಾದರೆ ತೆಗೆದುಕೊಳ್ಳಲಿ. ಪತ್ರಿಕೆಯಲ್ಲಿ ಬರುವುದು ಯಾವ ಮೂಲೆಯಲ್ಲೋ, ನನ್ನ ಕಣ್ಣಿಗೆ ಬೀಳುವುದಿಲ್ಲ. ಈ ವರ್ಷ ತಪ್ಪಿದರೆ ನನಗೆ ವಯಸ್ಸು ಮೀರುತ್ತದೆ. ಮಂಜುಶ್ರೀಗೂ ಹೇಳಿದ್ದೇನೆ. "ತಮ್ಮನ ಪಕ್ಕದ ಮನೇಲೇ ಇರ್ಬೋದಲ್ಲಾ" ಎಂದು ಆಗಲೇ ಬೆಳಗಾವಿಯ ಚಳಿ ವಿಚಾರಿಸುತ್ತಿದ್ದಾಳೆ.

ನಿನ್ನ ಭಾವ,
ಹನುಮಂತರಾಜು


ಬೆಳಗಾವಿ
೨೪ ಏಪ್ರಿಲ್ ೧೯೯೮

ಪೂಜ್ಯ ಭಾವ,

ಉತ್ತರ ತಡವಾಯಿತು. ಮಂತ್ರಿಗಳು ಬರುವುದು ಹೋಗುವುದು ಹೆಚ್ಚಾಗಿ ಪರೇಡಿನ ಮೇಲೆ ಪರೇಡು. ಮನೆ ಸಿಕ್ಕಿದೆ. ಬಿಂದುವಿಗೆ ಇಲ್ಲಿಯ ಮಾತು ಹಿಡಿಯುತ್ತಿಲ್ಲ, ಒಬ್ಬಳೇ ಅಳುತ್ತಾಳೆ. ಜೊತೆಗಿರಲಿ ಎಂದು ಅರುಣನನ್ನು ಕರೆಸಿಕೊಂಡಿದ್ದೇವೆ.

ನೀವು ಕೇಳಿದ ವಿಷಯ ಇನ್ನೂ ಏನೂ ತಿಳಿದಿಲ್ಲ. ಸರ್ಕಾರದ ಕೆಲಸ, ನಿಮಗೆ ಗೊತ್ತಲ್ಲ. ಕೆಲವು ಸಲ ಜಾಗವನ್ನೇ ತೆಗೆದುಹಾಕುತ್ತಾರೆ. ಅದನ್ನೇ ನಂಬಿಕೊಂಡು ಅಲ್ಲಿಯದನ್ನು ಕೈಬಿಡಬೇಡಿ. ಅಭ್ಯಾಸ ಮಾತ್ರ ನಿಲ್ಲಿಸಬೇಡಿ.

ಅಕ್ಕನಿಗೆ ಬಿಂದು ನಮಸ್ಕಾರ ಹೇಳಿದ್ದಾಳೆ.

ಚಿತ್ತೇಶ್


ತಿಪಟೂರು
೧೪ ಜೂನ್ ೧೯೯೮

ಪ್ರೀತಿಯ ಚಿತ್ತೇಶ,

ನಿನ್ನ ಕಾಗದ ಚಿಕ್ಕದಾಯಿತು ಎಂದು ಅಕ್ಕನಿಗೆ ಬೇಸರ. ಹೊಸ ಸಂಸಾರ, ಕೆಲಸದ ಒತ್ತಡ, ನಾನೇ ಸಮಾಧಾನ ಹೇಳಿದೆ.

ಹೋದ ವಾರ ಒಂದು ಬೆಳಿಗ್ಗೆ ಶೆಡ್ಡಿನಲ್ಲಿ ಊದುತ್ತಿದ್ದೆ. ಟ್ರಂಪೆಟ್ಟಿನ ತಳದ ಸ್ವರ, ಅದರ ಕೆಳಗೆ ಇನ್ನು ಮೆಟ್ಟಿಲಿಲ್ಲ ಅನ್ನುತ್ತೀಯಲ್ಲ, ಅದು ಬಂತು. ಮೊದಲೂ ಬರುತ್ತಿತ್ತು, ಆದರೆ ಹೆದರಿದ ನಾಯಿಯ ಹಾಗೆ ಬಾಲ ಮುದುರಿಕೊಂಡು ಬರುತ್ತಿತ್ತು. ಅವತ್ತು ನಿಂತುಕೊಂಡು ಬಂತು. ಮಾಡಿನ ತಗಡು ಗುಂಯ್ ಅಂದಿತು. ನಿಲ್ಲಿಸಿದ ಮೇಲೂ ಸ್ವಲ್ಪ ಹೊತ್ತು ಅನ್ನುತ್ತಲೇ ಇತ್ತು. ಹೊರಗೆ ಕೊಬ್ಬರಿ ಒಡೆಯುವ ಹೆಂಗಸರು ಮಾತು ನಿಲ್ಲಿಸಿದರು. ಓಬಮ್ಮ ಎಂಬ ಮುದುಕಿ ಇಣುಕಿ ನೋಡಿ, "ಅದೇನ್ ಮಾಡ್ದೆ ಕಣಪ್ಪ, ಎದ್ಯಾಗೆ ಏನೋ ಅಳ್ಳಾಡ್ತು" ಅಂದಳು. ಇದನ್ನು ಯಾರ ಮುಂದೆ ಹೇಳಿಕೊಳ್ಳಲಿ, ನಿನ್ನ ಮುಂದೆ ಬಿಟ್ಟು.

ಇನ್ನೊಂದು ವಿಷಯ. ಕರಿಬಸವಯ್ಯನವರಿಗೆ ಆಗುತ್ತಿಲ್ಲ. ಸೆಟ್ಟನ್ನು ಯಾರಿಗಾದರೂ ವಹಿಸಿ ಮನೆಯಲ್ಲಿ ಕೂರುತ್ತಾರಂತೆ. ಮೊದಲು ನನ್ನನ್ನು ಕರೆದು ಕೇಳಿದರು. "ನೀನಿದ್ರೆ ನಂಗೆ ನೆಮ್ಮದಿ ಕಣ್ಲಾ" ಅಂದರು. ನಾನು ಬೆಳಗಾವಿಯ ವಿಷಯ ಹೇಳಿ, ಸ್ವಲ್ಪ ದಿನ ಕಾಯಿರಿ ಅಂದೆ. ಅವರ ಮುಖ ಸಪ್ಪೆಯಾಯಿತು. "ಹೋಗೋನಿದ್ರೆ ಹೋಗು, ನಾನು ಎಷ್ಟು ದಿನ ಕಾಯ್ಲಿ" ಎಂದು ಸಣ್ಣತಿಮ್ಮಯ್ಯನಿಗೆ ಒಪ್ಪಿಸಿಬಿಟ್ಟರು. ಹೋದರೆ ಹೋಯಿತು. ಎರಡು ದೋಣಿಯಲ್ಲಿ ಕಾಲಿಡಲು ನನಗೆ ಮನಸ್ಸಾಗಲಿಲ್ಲ.

ಅಲ್ಲಿಂದ ಏನಾದರೂ ಸುದ್ದಿ ಉಂಟೇ? ಬಸವರಾಜಪ್ಪನವರು ಹೋದರೇ?

ಹನುಮಂತರಾಜು


ಬೆಳಗಾವಿ
೧೯ ಆಗಸ್ಟ್ ೧೯೯೮

ಪೂಜ್ಯ ಭಾವ,

ಕರಿಬಸವಯ್ಯನವರ ಸೆಟ್ ಬಿಟ್ಟುಕೊಟ್ಟಿರಿ ಎಂದು ಓದಿ ಅವತ್ತಿಡೀ ಊಟ ಸೇರಲಿಲ್ಲ. ಅದನ್ನೇ ನಂಬಬೇಡಿ ಎಂದು ಬರೆದಿದ್ದೆನಲ್ಲ. ಈಗಲೂ ಹೋಗಿ ಕೇಳಿ, ಅವರು ನಿಮ್ಮ ಮಾತು ತೆಗೆದುಹಾಕುವುದಿಲ್ಲ.

ಬಸವರಾಜಪ್ಪನವರು ಜೂನ್ ಕೊನೆಗೆ ಹೋದರು. ಅವರ ಜಾಗದ ವಿಷಯ ಮುಂದೆ ಬರೆಯುತ್ತೇನೆ. ಬಿಂದು ಈಗ ಬಸುರಿ, ಮಾರ್ಚ್ ಹೊತ್ತಿಗೆ. ಅಕ್ಕನಿಗೆ ಸಿಹಿ ಹಂಚಲು ಹೇಳಿ.

ಚಿತ್ತೇಶ್


ತಿಪಟೂರು
೧೬ ನವೆಂಬರ್ ೧೯೯೮

ಚಿತ್ತೇಶ,

ಮುಂದೆ ಬರೆಯುತ್ತೇನೆ ಎಂದಿದ್ದೆ. ಬರೆಯುವ ಬದಲು ಆಳನ್ನೇ ಕಳಿಸಿದ್ದೀಯ.

ನಿನ್ನೆ ಭಾನುವಾರ ಬೆಳಿಗ್ಗೆ ನಿನ್ನ ಭಾಮೈದ ಅರುಣ ಮನೆಗೆ ಬಂದ. ಕೈಯಲ್ಲಿ ಹೊಸ ಟ್ರಂಪೆಟ್ ಪೆಟ್ಟಿಗೆ. ತಲೆಕೂದಲು ಪೊಲೀಸಿನವರ ಹಾಗೆ ಕತ್ತರಿಸಿತ್ತು. ನಿನ್ನ ಅಕ್ಕ ಸಂಭ್ರಮದಿಂದ ಚಾಪೆ ಹಾಸಿದಳು.

"ಭಾವ ಕಳಿಸಿದ್ರಣ್ಣ. ಕೆಳಗಿನ ಸ್ವರ ನಿಮ್ಹತ್ರ ಕಲ್ಕೊಂಡು ಬಾ, ಅವ್ರಂಗೆ ಯಾರೂ ಹೇಳ್ಕೊಡಲ್ಲ ಅಂದ್ರು. ಫೆಬ್ರವರಿಗೆ ನಂಗೆ ಟೆಸ್ಟ್ ಐತೆ."

"ಯಾವ ಟೆಸ್ಟಪ್ಪ?"

"ಬ್ಯಾಂಡಿಂದೇ ಕಣಣ್ಣ. ಬಸವರಾಜಪ್ಪನೋರ ಜಾಗಕ್ಕೆ ನಾನಲ್ವಾ ಸೆಲೆಕ್ಟ್ ಆಗಿದ್ದು. ಮೇಲಿಂದು ಪರ್ವಾಗಿಲ್ಲ, ಕೆಳಗಿಂದು ಸರಿ ಮಾಡ್ಕೊ ಅಂತ ಮಾಸ್ತರು ಟೈಮ್ ಕೊಟ್ಟವ್ರೆ."

ಅಕ್ಕ ಕಾಫಿ ಲೋಟ ಹಿಡಿದು ಅಡುಗೆಮನೆ ಬಾಗಿಲಲ್ಲಿ ನಿಂತಳು.

ಅರ್ಜಿ ಯಾವಾಗ ಕರೆದಿದ್ದರು ಎಂದು ಕೇಳಿದೆ. "ಏಪ್ರಿಲ್‌ನಾಗೆ" ಅಂದ. ಆಮೇಲೆ ನನ್ನ ಮುಖ ನೋಡಿ, ಪಾಪ, ತಾನೇ ಏನೋ ತಪ್ಪು ಮಾಡಿದವನಂತೆ ಹೇಳಿದ: "ನಿಮ್ಗೂ ಹೇಳಿದ್ರಂತಲ್ಲಣ್ಣ. ನಿಮ್ಗೆ ಊರು ಬುಟ್ಟು ಬರಕ್ಕೆ ಇಷ್ಟ ಇಲ್ಲ, ಕರಿಬಸವಯ್ಯನೋರ ಸೆಟ್ ನಿಮ್ಗೇ ಬತ್ತದೆ ಅಂದ್ರಂತೆ ಅಂತ ಭಾವ ಅಂದ್ರು."

ಏಪ್ರಿಲ್‌ನಲ್ಲಿ ನೀನು ನನಗೆ ಕಾಗದ ಬರೆದಿದ್ದೆ. ಇನ್ನೂ ಏನೂ ತಿಳಿದಿಲ್ಲ ಎಂದು ಬರೆದಿದ್ದೆ. ಬರೆಯುವಾಗ ಅದೇ ಹುಡುಗ ಪಕ್ಕದ ಕೋಣೆಯಲ್ಲಿ ಕೂತು ಟ್ರಂಪೆಟ್ ಊದುತ್ತಿದ್ದನೇ? ನೀನೇ ಕಲಿಸುತ್ತಿದ್ದೆಯಾ?

ನನ್ನದು ಒಂದೇ ಪ್ರಶ್ನೆ. ನೀನು ಕಾಗದ ಬರೆದು ನನಗೆ ಆ ಜಾಗಕ್ಕೆ ಬೇಕಾದದ್ದನ್ನೇ ಕಲಿಸಿದೆ. ಧಾರೆಯ ಹೊತ್ತಿನಲ್ಲಿ ನಿನ್ನ ಕಿವಿಯಿಂದಲೇ ಕೇಳಿದೆ. ನಾನು ಚೆನ್ನಾಗಿ ಕಲಿತದ್ದೇ ನಿನಗೆ ಕಷ್ಟವಾಯಿತೇ?

ಹುಡುಗನನ್ನು ವಾಪಸ್ ಕಳಿಸಲಿಲ್ಲ. ಅವನಿಗೇನು ಗೊತ್ತು. ಈ ಬೆಳಿಗ್ಗೆ ಶೆಡ್ಡಿಗೆ ಕರೆದುಕೊಂಡು ಹೋದೆ. ಒತ್ತಬೇಡ ಅಂದೆ. ಕನ್ನಡಿಗೆ ಬಿಡುವ ಉಸಿರು ಅಂದೆ. ನಿನ್ನ ಮಾತುಗಳೇ ನನ್ನ ಬಾಯಿಂದ ಬರುತ್ತಿದ್ದವು, ನಾಲಿಗೆ ಕಹಿಯಾಯಿತು. ನಿನ್ನ ಅಕ್ಕ ಅವನಿಗೆ ಮೂರು ಹೊತ್ತು ಬಡಿಸುತ್ತಿದ್ದಾಳೆ, ಮಾತು ಮಾತ್ರ ಆಡುತ್ತಿಲ್ಲ.

ಹನುಮಂತರಾಜು


ಬೆಳಗಾವಿ
೮ ಡಿಸೆಂಬರ್ ೧೯೯೮

ಭಾವನವರಿಗೆ,

ನಿಮ್ಮ ಕಾಗದವನ್ನು ಎಷ್ಟು ಸಲ ಓದಿದೆನೋ. ಬೈಯಿರಿ, ಹಿರಿಯರು. ಆದರೆ ನನ್ನ ಕಡೆಯದನ್ನೂ ಕೇಳಿ.

ತುಟಿಗೆ ಸಣ್ಣ ಗಾಯ ಎಂದು ನೀವು ಬರೆದಿರಿ. ಹೊಲಿಗೆ ಬಿದ್ದದ್ದು, ಮೇಲಿನ ಎರಡು ಹಲ್ಲು ಸಡಿಲವಾಗಿ ಅಲ್ಲಾಡುತ್ತಿರುವುದು, ಮೇಲಿನ ಸ್ವರಕ್ಕೆ ಹೋದರೆ ರಕ್ತ ಬರುವುದು, ಇದನ್ನೆಲ್ಲ ನನಗೆ ಹೇಳಿದವನು ಅಪ್ಪ, ನನ್ನ ಮದುವೆಯ ಮನೆಯಲ್ಲಿ. ಎರಡನೇ ಟ್ರಂಪೆಟ್ ನಿಮ್ಮ ಇಷ್ಟವಾಗಿರಲಿಲ್ಲ, ಗತಿಯಾಗಿತ್ತು. ನನ್ನಿಂದ ಮುಚ್ಚಿಟ್ಟಿರಿ. ಇಲ್ಲಿ ಊದುವ ಪರೀಕ್ಷೆಯ ಮೊದಲು ಡಾಕ್ಟರ ಪರೀಕ್ಷೆ ಇರುತ್ತದೆ. ಬಾಯಿ ತೆರೆಸಿ ನೋಡುತ್ತಾರೆ. ನೀವು ಅಷ್ಟು ದೂರ ಬಂದು, ಅಕ್ಕನ ಮುಂದೆ, ನನ್ನ ಮುಂದೆ, ಹಲ್ಲಿನ ಕಾರಣಕ್ಕೆ ಹೊರಗೆ ಬರುವುದನ್ನು ನಾನು ನಿಂತು ನೋಡಬೇಕಿತ್ತೇ? ಹೇಳದೆ ಇದ್ದರೆ ನೀವು ನೋಯುವುದಿಲ್ಲ ಎಂದುಕೊಂಡೆ. ಆಮೇಲೆ ಬರೆಯುವ ಧೈರ್ಯ ಬರಲಿಲ್ಲ, ಅರುಣ ಬಂದರೆ ತಾನಾಗಿಯೇ ತಿಳಿಯಲಿ ಎಂದು ಅವನನ್ನು ಕಳಿಸಿದೆ.

ಮನೆಯಲ್ಲೂ ಸುಮ್ಮನಿರಲಿಲ್ಲ. ಬಿಂದು, "ನಿಮ್ ಭಾವಂಗೆ ಊರಲ್ಲಿ ಹೆಸರೈತೆ, ನನ್ ತಮ್ಮಂಗೆ ಏನೈತೆ?" ಎಂದು ಕೇಳಿದಳು. ಅವಳ ಮಾತಿನಲ್ಲಿ ತಪ್ಪು ಕಾಣಲಿಲ್ಲ.

ಇನ್ನೊಂದು ಮಾತು ಬರೆಯಲೋ ಬೇಡವೋ ಎಂದು ಯೋಚಿಸಿದೆ. ಇಲ್ಲಿ ನನ್ನನ್ನು ನಾಲ್ಕು ಜನ ಸಾರ್ ಅನ್ನುತ್ತಾರೆ. ನೀವು ಬಂದಿದ್ದರೆ ನನ್ನ ಹಿಂದಿನ ಸಾಲಿನಲ್ಲಿ ಕೂತು ಎಲ್ಲರ ಎದುರಿಗೆ "ಏನ್ಲಾ ಚಿತ್ತೇಶ" ಅನ್ನುತ್ತಿದ್ದಿರಿ. ನೀವು ಹಾಗೆ ಅನ್ನಬಾರದು ಎಂದು ಹೇಳಲು ನನ್ನಿಂದಾಗುತ್ತಿರಲಿಲ್ಲ. ನೀವು ನನ್ನನ್ನು ಬೆಳೆಸಿದವರು. ಬೆಳೆಸಿದವರ ಪಕ್ಕದಲ್ಲಿ ನಿಂತು ದೊಡ್ಡವನಾಗುವುದು ಸುಲಭವಲ್ಲ, ಭಾವ.

ಅರುಣ ವಾಪಸ್ ಬಂದಿದ್ದಾನೆ. ಅವನ ಸ್ವರ ಕೇಳಿದೆ. ನಿಮಗೆ ದೊಡ್ಡ ಮನಸ್ಸು. ಆ ಮನಸ್ಸಿನಿಂದಲೇ ಇದನ್ನೂ ಮರೆಯುತ್ತೀರಿ ಎಂದು ನಂಬಿದ್ದೇನೆ.

ಚಿತ್ತೇಶ್


ಬೆಳಗಾವಿ
೨೦ ಮಾರ್ಚ್ ೧೯೯೯

ಪೂಜ್ಯ ಭಾವನವರಿಗೂ ಅಕ್ಕನಿಗೂ ನಮಸ್ಕಾರ.

ಸಂಕ್ರಾಂತಿಗೆ ಬರೆದದ್ದಕ್ಕೂ ಉತ್ತರವಿಲ್ಲ, ಆಮೇಲೆ ಬರೆದದ್ದಕ್ಕೂ ಇಲ್ಲ. ಅಂಚೆಯಲ್ಲಿ ಕಳೆದಿರಬಹುದು.

ಗಂಡು ಮಗು. ಬಿಂದು ಕೆಂಕೆರೆಯಲ್ಲಿ ತವರಿನಲ್ಲಿದ್ದಾಳೆ, ಇಬ್ಬರೂ ಚೆನ್ನಾಗಿದ್ದಾರೆ. ಅರುಣ ಟೆಸ್ಟಿನಲ್ಲಿ ಪಾಸಾದ. ಬಸವರಾಜಪ್ಪನವರ ನೆನಪು ಬಂತು ಎಂದು ಮಾಸ್ತರು ಹೇಳಿದರಂತೆ. ಯಾರು ಕಲಿಸಿದರು ಎಂದು ಕೇಳಿದ್ದಕ್ಕೆ ಅರುಣ ನಿಮ್ಮ ಹೆಸರನ್ನೇ ಹೇಳಿದ್ದಾನೆ.

ಏಪ್ರಿಲ್ ಹದಿನೆಂಟಕ್ಕೆ ಅಪ್ಪನ ಮನೆಯಲ್ಲಿ ನಾಮಕರಣ. ಸೋದರತ್ತೆ ಕಿವಿಯಲ್ಲಿ ಹೆಸರು ಹೇಳದೆ ತೊಟ್ಟಿಲು ತೂಗುವುದು ಹೇಗೆ? ಅಕ್ಕ ಹಿಂದಿನ ದಿನವೇ ಬರಬೇಕು. ಭಾವ, ನೀವು ನುಡಿಸಬೇಕು. ಅಪ್ಪ ತಿಪಟೂರಿಗೆ ಬಂದು ಸಣ್ಣತಿಮ್ಮಯ್ಯನ ಸೆಟ್ಟಿಗೆ ಹೇಳುತ್ತಾನಂತೆ. ಆಗಿದ್ದು ಆಯಿತು. ಮಗುವಿನ ಮುಖ ನೋಡಿದರೆ ಎಲ್ಲ ಸರಿಹೋಗುತ್ತದೆ.

ನಿಮ್ಮ ಚಿತ್ತೇಶ


ತಿಪಟೂರು
೨ ಏಪ್ರಿಲ್ ೧೯೯೯

ಚಿತ್ತೇಶ್ ಅವರಿಗೆ,

ನಿಮ್ಮ ಕಾಗದಗಳು ಯಾವುವೂ ಕಳೆದಿಲ್ಲ. ಎಲ್ಲವೂ ಬಂದಿವೆ.

ತುಟಿಯ ವಿಷಯ ಮುಚ್ಚಿಟ್ಟೆ ಎಂದಿರಿ. ಹೌದು, ಮುಚ್ಚಿಟ್ಟೆ. ಕಲಿಸಿದವನು ಕಲಿತವನ ಮುಂದೆ ಬಾಯಿ ಹರಿದುಕೊಂಡು ನಿಲ್ಲಲು ನಾಚಿಕೆಯಾಯಿತು. ಡಾಕ್ಟರು ನನ್ನನ್ನು ಹೊರಗೆ ಕಳಿಸುತ್ತಿದ್ದರೋ ಏನೋ ನನಗೆ ಗೊತ್ತಿಲ್ಲ. ನಿಮಗೂ ಗೊತ್ತಿಲ್ಲ. ತುಮಕೂರಿಗೆ ಹೋಗಿ ತೋರಿಸಿ ಬನ್ನಿ ಎಂದು ಮಂಜುಶ್ರೀ ಹಟ ಹಿಡಿದಳು. ನಾನು ಹೋಗಲಿಲ್ಲ. ಹಲ್ಲು ಸರಿಯಿದೆ ಅಂದರೆ ನಿಮ್ಮನ್ನು ಶಪಿಸುತ್ತಾ ಕೂರಬೇಕು, ಸರಿಯಿಲ್ಲ ಅಂದರೆ ನಿಮಗೆ ನಮಸ್ಕಾರ ಹಾಕಬೇಕು. ಎರಡೂ ನನಗೆ ಬೇಡ. ಈಗ ವಯಸ್ಸೂ ಮೀರಿತು.

ಅರುಣ ಪಾಸಾದದ್ದು ಸಂತೋಷ. ಆ ಹುಡುಗನಿಗೆ ಕಿವಿ ಇದೆ. ಅವನಿಗೆ ಕಲಿಸಿದ್ದು ದೊಡ್ಡ ಮನಸ್ಸಿನಿಂದ ಎಂದು ತಿಳಿಯಬೇಡಿ. ಅರ್ಧ ಕಲಿಸಿದ್ದರೆ ನಾನೂ ನಿಮ್ಮ ಹಾಗೆಯೇ ಆಗುತ್ತಿದ್ದೆ, ಅಷ್ಟೇ.

ನಾಮಕರಣಕ್ಕೆ ನಾನು ಬರುತ್ತೇನೆ. ನಿಮ್ಮ ತಂದೆಯವರು ಮೊನ್ನೆ ಸಣ್ಣತಿಮ್ಮಯ್ಯನಿಗೆ ವೀಳ್ಯ ಕೊಟ್ಟು ಹೋಗಿದ್ದಾರೆ. ನಾನು ಆ ಸೆಟ್ಟಿನಲ್ಲಿ ದುಡಿಯುವವನು, ಕರೆದ ಕಡೆ ಹೋಗಲೇಬೇಕು. ಸೆಟ್ಟಿನ ಟೆಂಪೋದಲ್ಲಿ, ಸೆಟ್ಟಿನ ಕೆಂಪು ಅಂಗಿ ಹಾಕಿಕೊಂಡು ಬರುತ್ತೇನೆ. ಮನೆಯ ಅಳಿಯ ಎಂದು ಬಾಗಿಲಲ್ಲಿ ಕಾಲಿಗೆ ನೀರು ಕೊಡುವುದು, ಒಳಗೆ ಕರೆದು ಚಾಪೆ ಹಾಸುವುದು ಬೇಡ. ಶಾಮಿಯಾನದ ಹೊರಗೆ ಬ್ಯಾಂಡಿನವರಿಗೆ ಎಲ್ಲಿ ಬೆಂಚು ಹಾಕುತ್ತೀರೋ ಅಲ್ಲಿ ಕೂರುತ್ತೇನೆ. ನೆಂಟರ ಪಂಕ್ತಿ ಎದ್ದ ಮೇಲೆ ನಮ್ಮವರಿಗೆ ಎಲೆ ಹಾಕುತ್ತಾರಲ್ಲ, ನನಗೂ ಆಗಲೇ ಹಾಕಿಸಿ. ಎಲ್ಲರ ಎದುರಿಗೆ ನಿಮ್ಮನ್ನು ಏಕವಚನದಲ್ಲಿ ಕರೆಯುವುದಿಲ್ಲ. ಆ ಹೆದರಿಕೆ ಇಟ್ಟುಕೊಳ್ಳಬೇಡಿ.

ನಿಮ್ಮ ಅಕ್ಕ ಬರುವುದಿಲ್ಲ. ನಿಮ್ಮ ಕಾಗದ ಓದಿ ಹೇಳಿದೆ. ರಾಗಿ ಕೇರುತ್ತಿದ್ದವಳು ಮೊರ ಕೆಳಗಿಟ್ಟಳು. ಆಮೇಲೆ, "ನೀವು ಕೂಲಿಗೆ ಹೋಗ್ತೀರಿ, ಹೋಗಿ. ನಂಗೇನೈತೆ ಅಲ್ಲಿ ಕೆಲ್ಸ? ಹೆಸರು ಅವ್ರೇ ಇಟ್ಕೊಳ್ಲಿ ಬುಡಿ" ಅಂದಳು. ಸೆರಗಿನಿಂದ ಮುಖ ಒರೆಸಿಕೊಂಡು ಮತ್ತೆ ಮೊರ ಎತ್ತಿಕೊಂಡಳು.

ತೊಟ್ಟಿಲು ಶಾಸ್ತ್ರಕ್ಕೆ ಯಾವ ರಾಗ ಬೇಕೆಂದು ಸಣ್ಣತಿಮ್ಮಯ್ಯನಿಗೆ ಮುಂಚೆಯೇ ತಿಳಿಸಿ. ಅವನು ಮೇಲೆ ಹಿಡಿಯುತ್ತಾನೆ, ನಾನು ಕೆಳಗೆ ಹಿಡಿಯುತ್ತೇನೆ. ಮಗುವಿಗೆ ಒಳ್ಳೆಯದಾಗಲಿ.

ಹನುಮಂತರಾಜು,
ಎರಡನೇ ಟ್ರಂಪೆಟ್,
ಸಣ್ಣತಿಮ್ಮಯ್ಯನವರ ಬ್ಯಾಂಡ್ ಸೆಟ್, ತಿಪಟೂರು